ನಮಗ್ಯಾಕೆ ಬಿಡ್ರಿ ಅವರ ಸುದ್ದಿ

ಸುಳ್ಳು ಹೇಳಿಲ್ಲ, ಇದ್ದದ್ದನ್ನೇ ಹೇಳಿದೆ ಎಂದರೆ ಸಾಕೇ? ಸಾಲದು ಎನ್ನುತ್ತದೆ ಯಹೂದಿ ಧರ್ಮಶಾಸ್ತ್ರ. ನಾಲ್ಕು ಜನರ ಮುಂದೆ ಒಬ್ಬರ ಮಾನ ಕಳೆಯುವುದನ್ನು ಅದು ರಕ್ತಪಾತದ ಸಾಲಿಗೆ ಸೇರಿಸಿದೆ. ಎಲ್ಲರ ಮನೆಯೂ ಎಲ್ಲರಿಗೂ ಗೊತ್ತಿರುವ ದಾವಣಗೆರೆ ಜಿಲ್ಲೆಯ ಜಗಳೂರಿನಂಥ ಸೀಮೆಗೆ ಈ ಶಾಸ್ತ್ರ ತುರ್ತಾಗಿ ಬೇಕಾಗಿದೆ.

ಮೆಕ್ಕೆಜೋಳ ಮಾರಿ ಕೈಗೆ ನಾಲ್ಕು ಕಾಸು ಬಂದಮೇಲೆ ಜಗಳೂರು ಸೀಮೆಯಲ್ಲಿ ಹೆಣ್ಣು ನೋಡುವ ಓಡಾಟ ಶುರುವಾಗುತ್ತದೆ. ದೂರದ ಊರಿಂದ ಬಂದ ಗಂಡಿನ ಕಡೆಯವರು ನೇರವಾಗಿ ಹೆಣ್ಣಿನ ಮನೆಗೆ ಹೋಗುವುದಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಮಂಡಕ್ಕಿ ಮಿರ್ಚಿ ತರಿಸಿ, ಚಹಾ ಕುಡಿಯುತ್ತ ಮೆಲ್ಲಗೆ ವಿಚಾರಿಸುತ್ತಾರೆ: ‘ಇಂಥವರ ಮನೆ ಎಲ್ಲಿ ಬರುತ್ತಣ್ಣ? ಜನ ಹೆಂಗೆ?’ ಗಲ್ಲಾ ಪೆಟ್ಟಿಗೆಯ ಮುಂದೆ ಕೂತವನು ತಕ್ಷಣ ಉತ್ತರ ಕೊಡುವುದಿಲ್ಲ. ಚಿಲ್ಲರೆ ಎಣಿಸುತ್ತಾನೆ, ಒಮ್ಮೆ ಬೀದಿಯ ಕಡೆ ನೋಡುತ್ತಾನೆ. ‘ಅಯ್ಯೋ, ನಮಗ್ಯಾಕೆ ಬಿಡ್ರಿ ಅವರ ಸುದ್ದಿ’ ಎನ್ನುತ್ತಾನೆ. ಬೆಂಚಿನ ಮೇಲಿದ್ದ ಇನ್ನೊಬ್ಬ ನಕ್ಕು ಬೀಡಿ ಹಚ್ಚುತ್ತಾನೆ. ಅಲ್ಲಿಗೆ ಮುಗಿಯಿತು. ಯಾರೂ ಏನೂ ಹೇಳಿಲ್ಲ; ಸುಳ್ಳನ್ನಂತೂ ಆಡಿಯೇ ಇಲ್ಲ. ಆದರೆ ಬಂದವರು ವಾಪಸು ಬಸ್ಸು ಹತ್ತುತ್ತಾರೆ. ಉಪ್ಪಿಟ್ಟು ಮಾಡಿಟ್ಟು ಕಾಯುತ್ತಿದ್ದ ಮನೆಯವರಿಗೆ ಅವರು ಯಾಕೆ ಬರಲಿಲ್ಲ ಎಂಬುದು ಎಂದೂ ತಿಳಿಯುವುದಿಲ್ಲ.

ಇಂಥದೇ ಮಾತನ್ನು ಎಂಟುನೂರು ವರ್ಷಗಳ ಹಿಂದೆಯೇ ಒಬ್ಬರು ಎತ್ತಿಕೊಂಡು ವಿಚಾರಣೆಗೆ ಒಡ್ಡಿದ್ದಾರೆ. ಈಗಿನ ಕೈರೋದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ವೈದ್ಯರಾಗಿದ್ದ ಯಹೂದಿ ಪಂಡಿತ ಮೋಶೆ ಬೆನ್ ಮೈಮೊನ್ (ಜಗತ್ತಿಗೆ ಅವರು ಮೈಮೊನಿಡೀಸ್ ಎಂದೇ ಪರಿಚಿತರು) 12ನೇ ಶತಮಾನದ ಕೊನೆಯ ಭಾಗದಲ್ಲಿ ‘ಮಿಶ್ನೆ ತೋರಾ’ ಎಂಬ ಧರ್ಮಸಂಹಿತೆ ಬರೆದರು. ಅದರಲ್ಲಿ ನಡತೆಗೆ ಮೀಸಲಾದ ಭಾಗದ ಏಳನೆಯ ಅಧ್ಯಾಯದ ಹೆಚ್ಚಿನ ಭಾಗ ಇನ್ನೊಬ್ಬರ ಬಗ್ಗೆ ಆಡುವ ಮಾತಿನದೇ. ಇಂಥವನ ವಿಷಯ ಬೇಡ, ಏನು ನಡೆಯಿತೆಂದು ನಾನು ಹೇಳಲಾರೆ ಎಂದು ಅರ್ಧಕ್ಕೆ ನಿಲ್ಲಿಸುವುದೂ ದುರ್ನುಡಿಯ ಧೂಳು ಎಂದು ಅಲ್ಲಿ ಅವರು ತೀರ್ಪು ಕೊಟ್ಟಿದ್ದಾರೆ. ಒಬ್ಬನನ್ನು ಅವನ ವೈರಿಗಳ ಮುಂದೆ ಹೊಗಳುವುದೂ ಅದೇ ಪಟ್ಟಿಯಲ್ಲಿದೆ, ಏಕೆಂದರೆ ಹೊಗಳಿಕೆ ಕೇಳಿದ ವೈರಿ ತೆಗಳಲು ಬಾಯಿ ತೆರೆದೇ ತೆರೆಯುತ್ತಾನೆ. ತಮಾಷೆಗೆ ಹೇಳಿದೆ, ನನಗೇನು ಗೊತ್ತಿತ್ತು ಎಂದು ಜಾರಿಕೊಳ್ಳುವವರನ್ನೂ ಅವರು ಬಿಟ್ಟಿಲ್ಲ.

ಈ ಸಂಪ್ರದಾಯದ ಬುಡದಲ್ಲಿರುವ ವಿಚಾರ ನಮಗೆ ಮೊದಲಿಗೆ ಒಗ್ಗದು. ಆಡಿದ್ದು ನಿಜವೋ ಸುಳ್ಳೋ ಎಂಬುದೇ ನಮ್ಮ ಮೊದಲ ಪ್ರಶ್ನೆ. ನಿಜವೆಂದಾದರೆ ಆಡಿದವನು ಗೆದ್ದ. ‘ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು’ ಎಂಬ ಗಾದೆಯೂ ಅವನ ಬೆನ್ನಿಗಿದೆ. ಯಹೂದಿ ಶಾಸ್ತ್ರ ಕೇಳುವ ಮೊದಲ ಪ್ರಶ್ನೆಯೇ ಬೇರೆ: ಈ ಮಾತಿನಿಂದ ಆ ಮನುಷ್ಯನಿಗೆ ಏನಾಯಿತು? ಅನ್ನಕ್ಕೆ ಕುತ್ತು ಬಂದಿತೇ, ಸಂಬಂಧ ಮುರಿಯಿತೇ, ಅವನು ತಲೆ ತಗ್ಗಿಸಿ ನಡೆಯುವಂತಾಯಿತೇ? ಆಗಿದ್ದರೆ, ಮಾತು ನೂರಕ್ಕೆ ನೂರು ನಿಜವಿದ್ದರೂ ತಪ್ಪೇ. ಸುಳ್ಳಾದರೆ ಅದು ಇನ್ನೂ ದೊಡ್ಡ, ಬೇರೆಯೇ ಅಪರಾಧ.

ಮೂರು ಬಗೆಯ ಮಾತು
ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೊತ್ತು ತಿರುಗುವುದು ‘ರೆಖಿಲುತ್’. ನಿಜವನ್ನೇ ಹೇಳಿ ಒಬ್ಬರನ್ನು ಹೀಗಳೆಯುವುದು ‘ಲಶೋನ್ ಹಾರಾ’, ಅಂದರೆ ದುರ್ನುಡಿ. ಇಲ್ಲದ್ದನ್ನು ಹುಟ್ಟಿಸಿ ಹೆಸರು ಕೆಡಿಸುವುದು ‘ಮೋತ್ಸಿ ಶೇಮ್ ರಾ’. ಯಾರ ಬಗ್ಗೆಯೂ ಅಲ್ಲದೆ, ಎದುರಿಗಿರುವವನನ್ನೇ ಮಾತಿನಿಂದ ನೋಯಿಸುವುದು ಇನ್ನೊಂದು ಬಗೆಯ ಅನ್ಯಾಯ. ಕೊಳ್ಳುವ ಮನಸ್ಸಿಲ್ಲದೆ ಸರಕಿನ ಬೆಲೆ ಕೇಳುವುದನ್ನೂ, ತಿದ್ದಿಕೊಂಡವನಿಗೆ ಹಳೆಯ ತಪ್ಪು ನೆನಪಿಸುವುದನ್ನೂ ಯಹೂದಿಗಳ ಪ್ರಾಚೀನ ನಿಯಮಸಂಗ್ರಹವಾದ ಮಿಶ್ನಾ ಈ ಗುಂಪಿಗೆ ಸೇರಿಸುತ್ತದೆ.

ಈ ನಿಯಮಗಳನ್ನೆಲ್ಲ ಒಂದೆಡೆ ಕೂಡಿಸಿದವರು ಈಗಿನ ಬೆಲಾರೂಸ್‌ನಲ್ಲಿರುವ ರಾದಿನ್ ಎಂಬ ಪುಟ್ಟ ಊರಿನ ಯಿಸ್ರಾಯೇಲ್ ಮೇಯಿರ್ ಕಗಾನ್. ಹೆಂಡತಿಯ ಕಿರಾಣಿ ಅಂಗಡಿಯೇ ಅವರ ಜೀವನಾಧಾರವಾಗಿತ್ತು. 1873ರಲ್ಲಿ ವಿಲ್ನಾದಲ್ಲಿ ಅಚ್ಚಾದ ಅವರ ‘ಹಫೇತ್ಸ್ ಹಾಯಿಮ್’ ಎಷ್ಟು ಮನೆಮಾತಾಯಿತೆಂದರೆ, ಜನ ಅವರನ್ನು ಪುಸ್ತಕದ ಹೆಸರಿನಿಂದಲೇ ಕರೆಯತೊಡಗಿದರು. ಕಗಾನರಿಗೆ ಸಣ್ಣ ಊರಿನ ಬದುಕು ಗೊತ್ತಿತ್ತು. ಹಾಗಾಗಿಯೇ ಮದುವೆ ವಿಚಾರಣೆ, ವ್ಯಾಪಾರದ ಪಾಲುದಾರಿಕೆ, ಕೆಲಸಕ್ಕೆ ಆಳು ಇಟ್ಟುಕೊಳ್ಳುವುದು ಇವನ್ನೇ ಎತ್ತಿಕೊಂಡು ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಬಿಡಿಸಿ ಬರೆದರು. ಕೇಡು ತಪ್ಪಿಸಲು ಮಾತಾಡಲೇಬೇಕಾದ ಸಂದರ್ಭವಿದೆ ಎಂದು ಅವರು ಒಪ್ಪುತ್ತಾರೆ, ಆದರೆ ಷರತ್ತುಗಳಿವೆ. ವಿಷಯವನ್ನು ನೀನೇ ಕಂಡಿರಬೇಕು, ಅವರಿವರ ಬಾಯಿಂದ ಕೇಳಿದ್ದಾದರೆ ನಿಜವೆಂದು ಖಚಿತಪಡಿಸಿಕೊಂಡಿರಬೇಕು. ದುಡುಕಿ ತೀರ್ಮಾನಕ್ಕೆ ಬರಬಾರದು. ಮೊದಲು ಆ ಮನುಷ್ಯನಿಗೇ ಹೇಳಿ ತಿದ್ದಲು ನೋಡಬೇಕು. ಇದ್ದದ್ದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಸಿ ಹೇಳಬಾರದು. ಒಳಗೆ ಹಳೆಯ ದ್ವೇಷವಿರಬಾರದು. ಹೇಳದೆಯೇ ಕೆಲಸವಾಗುವ ಬೇರೆ ದಾರಿ ಇರಬಾರದು. ಕೊನೆಯದು ಬಹಳ ಮುಖ್ಯ: ನ್ಯಾಯಾಲಯ ಕೊಡಬಹುದಾದ ಶಿಕ್ಷೆಗಿಂತ ಹೆಚ್ಚಿನ ನಷ್ಟ ನಿನ್ನ ಮಾತಿನಿಂದ ಅವನಿಗೆ ಆಗಬಾರದು.

ಗಂಡು ಕುಡುಕ, ಮನೆಯ ಹೆಂಗಸರನ್ನು ಹೊಡೆಯುವ ಕೈ ಅವನದು ಎಂದು ಕಣ್ಣಾರೆ ಕಂಡವನು ಹೆಣ್ಣಿನ ತಂದೆಗೆ ಅದನ್ನು ಬಿಚ್ಚಿ ಹೇಳಬೇಕು. ಬಚ್ಚಿಟ್ಟರೆ ಅವನೂ ತಪ್ಪಿತಸ್ಥ. ಏನೂ ಗೊತ್ತಿಲ್ಲದವನು ‘ಗೊತ್ತಿಲ್ಲ’ ಎಂದು ನೇರವಾಗಿ ಹೇಳಬೇಕು. ಇವೆರಡರ ನಡುವಿನ ‘ನಮಗ್ಯಾಕೆ ಬಿಡ್ರಿ’ಗೆ ಜಾಗವಿಲ್ಲ. ಈ ಮಾತಿನಲ್ಲಿ ಆರೋಪವಿದೆ, ಆದರೆ ಅದರ ಹೊಣೆ ಹೊರುವವನು ಯಾರೂ ಇಲ್ಲ. ಹೆಣ್ಣಿನ ಮನೆಯವರು ಉತ್ತರ ಕೊಡಲು ಬಂದರೆ ಯಾರಿಗೆ, ಯಾವುದಕ್ಕೆ ಕೊಡಬೇಕು? ನನ್ನ ದೃಷ್ಟಿಯಲ್ಲಿ ನೇರವಾದ ಬೈಗುಳಕ್ಕಿಂತ ಇದು ಕ್ರೂರ.

ಕೇಳುವವನೂ ಪಾರಾಗುವುದಿಲ್ಲ. ದುರ್ನುಡಿ ಮೂವರನ್ನು ಕೊಲ್ಲುತ್ತದೆ ಎನ್ನುತ್ತದೆ ಯಹೂದಿ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುಡ್: ಆಡಿದವನನ್ನು, ಕೇಳಿದವನನ್ನು, ಯಾರ ಬಗ್ಗೆ ಆಡಿದ್ದೋ ಅವನನ್ನು. ನಂಬಿ ಕೇಳಿದವನ ಪಾಲು ಆಡಿದವನ ಪಾಲಿಗಿಂತ ದೊಡ್ಡದು ಎಂದು ಮೈಮೊನಿಡೀಸ್ ಸೇರಿಸುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸುದ್ದಿಯನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ಸುದ್ದಿ ಹುಟ್ಟಿಸಿದವನು ಒಬ್ಬನಿರಬಹುದು. ಅದಕ್ಕೆ ಕಾಲು ಕೊಟ್ಟವರು ಅದನ್ನು ಓದಿ ಮುಂದಕ್ಕೆ ಒತ್ತಿದ ಸಾಮಾನ್ಯ ಜನ. ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಸಂದೇಶ ಮುಂದೂಡದಂತೆ ಮಿತಿ ಹಾಕಿತು. ಕಂಪನಿಯ ಆಗಿನ ಲೆಕ್ಕದಲ್ಲಿ ಐದು ಕಡೆಯವರೆಗೆ ಅಡ್ಡಿಯಿರಲಿಲ್ಲ. ತಾಲ್ಮುಡಿನ ಲೆಕ್ಕದಲ್ಲಿ ಒಬ್ಬನಿಗೆ ಕಳಿಸಿದರೂ ಮೂವರು ಹೋದರು. ಕಿವುಡನನ್ನು ಶಪಿಸಬಾರದು ಎಂಬ ವಿಧಿಯೂ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿದೆ. ಶಾಪ ಕಿವುಡನ ಕಿವಿಗೆ ಬೀಳುವುದೇ ಇಲ್ಲ, ಆದರೂ ನಿಷಿದ್ಧ. ಯಾರ ಚಾಡಿ ನಡೆಯುತ್ತಿದೆಯೋ ಅವರೇ ಇಲ್ಲದ ವಾಟ್ಸ್ಆ್ಯಪ್ ಗುಂಪುಗಳಿಗೆ ಇದಕ್ಕಿಂತ ಹೊಂದುವ ವಿಧಿ ಇನ್ನೊಂದಿಲ್ಲ.

ಮಂಗಳೂರಿನಲ್ಲಿದ್ದ ಯಹೂದಿ
ಈ ಶಾಸ್ತ್ರದವರು ನಮ್ಮ ನಾಡಿಗೆ ಹೊಸಬರೇನಲ್ಲ. ಟ್ಯುನೀಷಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಹೆಚ್ಚಿನ ಕಾಲ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ ಸಾಗಿಸುತ್ತಿದ್ದ; ಹಿತ್ತಾಳೆ ಕೆಲಸದ ಕಾರ್ಖಾನೆಯನ್ನೂ ನಡೆಸಿದ. ಅವನ ಕಾಗದಪತ್ರಗಳು ಸಿಕ್ಕಿದ್ದು ಫುಸ್ತಾತ್‌ನ ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ. ಏಡನ್‌ನ ವ್ಯಾಪಾರಿಗಳು ಅವನಿಗೆ ಬರೆದ ಪತ್ರಗಳಲ್ಲಿ ಅವನ ಗುಲಾಮನೂ ವ್ಯಾಪಾರದ ಪ್ರತಿನಿಧಿಯೂ ಆಗಿದ್ದವನಿಗೆ ವಂದನೆ ತಿಳಿಸಿದ್ದಾರೆ. ಆ ಗುಲಾಮನ ಹೆಸರು ‘ಬೊಮ್ಮ’ ಎಂದು ಗುರುತಿಸಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ಪ್ರೊ. ಬಿ.ಎ. ವಿವೇಕ ರೈ. ಮೈಮೊನಿಡೀಸರ ತಮ್ಮ ದಾವೀದ್ ಭಾರತದ ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡ.

ಚಾಡಿ, ವದಂತಿಗಳನ್ನೆಲ್ಲ ನೋಡಿಕೊಳ್ಳಲು ಕಾನೂನು ಇದೆಯಲ್ಲ ಎನ್ನಬಹುದು. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಕುತ್ತು ಎಂದು ವಿರೋಧ ಪಕ್ಷ ಪ್ರತಿಭಟಿಸಿತು. ಆ ಚರ್ಚೆ ನಡೆಯಲಿ. ಆದರೆ ಅಂಥ ಕಾನೂನು ವೇದಿಕೆಯ ಮೇಲಿನ ಮೈಕನ್ನು ಹಿಡಿಯಬಲ್ಲದು, ಅರಳಿಕಟ್ಟೆಯ ಪಿಸುಮಾತನ್ನಲ್ಲ. ಕುತೂಹಲದ ಸಂಗತಿಯೆಂದರೆ, ನಿಜವಾದರಷ್ಟೇ ಸಾಲದು ಎಂಬ ಮಾತು ನಮ್ಮ ಕಾನೂನಿನಲ್ಲೂ ಇದೆ. ಕ್ರಿಮಿನಲ್ ಮಾನನಷ್ಟದ ಹಳೆಯ 499ನೇ ಕಲಮಿನ, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ, ಮೊದಲ ವಿನಾಯಿತಿ ಓದಿ: ಹೇಳಿದ್ದು ಸತ್ಯವಾಗಿರಬೇಕು, ಜೊತೆಗೆ ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯವಾಗಿರಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದಾಗ, ವ್ಯಕ್ತಿಯ ಹೆಸರು ಬದುಕುವ ಹಕ್ಕಿನ ಭಾಗವೆಂದೇ ಹೇಳಿತು. ಕಾನೂನಿನ ಮೂಲೆಯಲ್ಲಿ ಬಿದ್ದಿರುವ ಈ ತತ್ವವನ್ನು ಯಹೂದಿ ಶಾಸ್ತ್ರ ದಿನನಿತ್ಯದ ಬದುಕಿಗೆ ತಂದಿತು ಎಂಬುದೇ ನನಗೆ ಮುಖ್ಯ.

ಮಾತಿಗೆ ಇಷ್ಟು ತೂಕ ಯಾಕೆ ಎಂಬ ಪ್ರಶ್ನೆಗೆ ತಾಲ್ಮುಡಿನಲ್ಲಿ ಬರುವ ಉತ್ತರ ದೇಹಕ್ಕೇ ಸಂಬಂಧಿಸಿದ್ದು. ಎಲ್ಲರೆದುರು ಅವಮಾನಿಸುವುದು ರಕ್ತ ಹರಿಸಿದಂತೆ ಎಂದು ಒಬ್ಬ ಪಂಡಿತ ಹೇಳಿದಾಗ, ಇನ್ನೊಬ್ಬ ಒಪ್ಪಿ ಕಾರಣ ಕೊಡುತ್ತಾನೆ: ಅವಮಾನವಾದಾಗ ಮುಖದ ಕೆಂಪು ಇಳಿದು ಬಿಳುಪೇರುವುದನ್ನು ನಾವು ಕಂಡಿದ್ದೇವೆ. ಜೆರುಸಲೇಮ್ ಹಾಳಾದದ್ದಕ್ಕೂ ಅದೇ ಗ್ರಂಥ ಒಂದು ಔತಣದ ಕತೆ ಹೇಳುತ್ತದೆ. ಸಿರಿವಂತನೊಬ್ಬ ಗೆಳೆಯ ಕಮ್ಸಾನನ್ನು ಊಟಕ್ಕೆ ಕರೆಯಲು ಆಳನ್ನು ಕಳಿಸಿದ. ಆಳು ತಪ್ಪಿ ವೈರಿ ಬಾರ್ ಕಮ್ಸಾನನ್ನು ಕರೆತಂದ. ಎದ್ದು ಹೋಗು ಎಂದ ಯಜಮಾನ. ಬಂದಿದ್ದೇನೆ, ಅವಮಾನ ಮಾಡಬೇಡ, ತಿಂದದ್ದಕ್ಕೆ ದುಡ್ಡು ಕೊಡುತ್ತೇನೆ ಎಂದು ಬಾರ್ ಕಮ್ಸಾ ಬೇಡಿದ. ಅರ್ಧ ಔತಣದ ಖರ್ಚು ಕೊಡುತ್ತೇನೆ, ಕೊನೆಗೆ ಪೂರ್ತಿ ಖರ್ಚೂ ನನ್ನದೇ ಎಂದ. ಯಜಮಾನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ದಬ್ಬಿದ. ಪಂಕ್ತಿಯಲ್ಲಿ ಧರ್ಮಪಂಡಿತರೂ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಆ ಮೌನವೇ ಅವನನ್ನು ಹೆಚ್ಚು ಸುಟ್ಟಿತು. ಅವನು ರೋಮನ್ನರಿಗೆ ದೂರು ಕೊಂಡೊಯ್ದ, ದೇಗುಲ ಉರಿದುಹೋಯಿತು. ಇತಿಹಾಸಕಾರರು ಕ್ರಿ.ಶ. 70ರ ನಾಶಕ್ಕೆ ಬೇರೆ ಕಾರಣ ಕೊಡುತ್ತಾರೆ, ಸರಿಯೇ. ಆದರೆ ತನ್ನ ಅತಿ ದೊಡ್ಡ ದುರಂತಕ್ಕೆ ಶತ್ರುವನ್ನು ದೂರದೆ, ತನ್ನದೇ ಊಟದ ಪಂಕ್ತಿಯಲ್ಲಿ ನಡೆದ ಅವಮಾನವನ್ನೂ ತನ್ನದೇ ಗುರುಗಳ ಮೌನವನ್ನೂ ಕಾರಣವೆಂದು ಬರೆದಿಟ್ಟ ಸಮುದಾಯದ ಪ್ರಾಮಾಣಿಕತೆ ದೊಡ್ಡದು. ಪಂಕ್ತಿಯಿಂದ ಎಬ್ಬಿಸುವುದು, ಹೋಟೆಲಿನಲ್ಲಿ ಬೇರೆ ಲೋಟ ಇಡುವುದು ಕಂಡ ನಾಡು ನಮ್ಮದು. ಹೊಲದ ಯಜಮಾನನ ಮಗ, ಹದಿನೆಂಟು ತುಂಬದ ಹುಡುಗ, ಅರವತ್ತು ದಾಟಿದ ದಲಿತ ಕೂಲಿಯನ್ನು ‘ಬಾರಲೇ’ ಎಂದು ಕರೆಯುವಾಗ ಪಕ್ಕದಲ್ಲಿ ಸುಮ್ಮನೆ ನಿಂತ ಹಿರಿಯರು ಆ ಪಂಡಿತರ ಸಾಲಿಗೇ ಸೇರುತ್ತಾರೆ.

ಈ ಮಾತಿನ ಶಾಸ್ತ್ರಕ್ಕೆ ಬಲವಾದ ಆಕ್ಷೇಪವೊಂದಿದೆ. ಬಾಯಿ ಮುಚ್ಚಿಸುವ ನಿಯಮದಿಂದ ಲಾಭ ಯಾರಿಗೆ? ದುಡ್ಡು ನುಂಗಿದವನಿಗೆ, ಹೆಣ್ಣುಮಕ್ಕಳ ಮೇಲೆ ಕೈ ಹಾಕಿದವನಿಗೆ. ಸಂಪ್ರದಾಯಸ್ಥ ಯಹೂದಿ ಸಮುದಾಯಗಳ ಒಳಗೇ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ದುರ್ನುಡಿಯ ಪಾಪ ತೋರಿಸಿ ಸುಮ್ಮನಿರಿಸಿದ ಉದಾಹರಣೆಗಳಿವೆ. ಆ ಸಮುದಾಯದವರೇ ಅದನ್ನು ಖಂಡಿಸಿದ್ದಾರೆ. ಈ ದುರುಪಯೋಗ ನಿಜ, ಭಯಂಕರ. ಆದರೆ ಅದು ಶಾಸ್ತ್ರವನ್ನು ಅರ್ಧಕ್ಕೆ ಓದಿದ್ದರ ಫಲ. ತೋರಾದ ಲೇವಿಯ ಕಾಂಡದಲ್ಲಿ ಚಾಡಿ ಹೊತ್ತು ತಿರುಗಬೇಡ ಎನ್ನುವ ವಾಕ್ಯದಲ್ಲೇ, ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಬೇಡ ಎಂಬ ಆಜ್ಞೆಯೂ ಇದೆ. ಪೊಲೀಸರಿಗೆ ದೂರು ಕೊಡುವುದು, ಗ್ರಾಮಸಭೆಯಲ್ಲಿ ಬಿಲ್ಲಿನ ಲೆಕ್ಕ ಕೇಳುವುದು, ಪಕ್ಕದ ಸಿರಿಗೆರೆಯಲ್ಲಿ ಸೋಮವಾರ ನಡೆಯುವ, ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಎದುರಾಳಿಯ ಸಮಕ್ಷಮ ತಕರಾರು ಇಡುವುದು, ಇವು ಯಾವುವೂ ಚಾಡಿಯಲ್ಲ. ಅಲ್ಲಿ ಆರೋಪ ಹೊತ್ತವನಿಗೆ ಉತ್ತರ ಕೊಡುವ ಅವಕಾಶವಿದೆ. ಕಟ್ಟೆಯ ಮೇಲೆ ಅದಿಲ್ಲ.

ನಮ್ಮಲ್ಲೇ ವಚನಗಳಿರುವಾಗ ಹೊರಗಿನದು ಯಾಕೆ ಎಂಬ ಇನ್ನೊಂದು ಮಾತಿಗೂ ಉತ್ತರ ಬೇಕು. ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ್ದು ಇಲ್ಲಿನ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಕೀಳೆಂದು ಎಣಿಸಿದ ಜಾತಿಗಳಿಂದ ಬಂದ ಶರಣರಾದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಕರೆದುಕೊಂಡವರು ಅವರು. ಇದಕ್ಕೆ ದನಿಗೂಡಿಸುವಂತೆ, ನನ್ನಪ್ಪ ನಿನ್ನಪ್ಪನಿಗಿಂತ ದೊಡ್ಡವನೆಂದು ಯಾರೂ ಕೊಚ್ಚಿಕೊಳ್ಳದಿರಲೆಂದೇ ದೇವರು ಮೊದಲಿಗೆ ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದ ಎನ್ನುತ್ತದೆ ಮಿಶ್ನಾ. ಬೆನ್ ಯಿಜು ಮಂಗಳೂರಿನಲ್ಲಿದ್ದದ್ದೂ ಬಸವಣ್ಣನವರು ಬದುಕಿದ್ದದ್ದೂ ಒಂದೇ ಶತಮಾನ. ಜಗಳೂರಿಗಂತೂ ಬೇರೆ ಧರ್ಮದವರು ಕೈಜೋಡಿಸಿದ ಹತ್ತಿರದ ನೆನಪೂ ಇದೆ. ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಮಹೋತ್ಸವ 1950ರಲ್ಲಿ ಮೊದಲು ನಡೆದದ್ದು ಇದೇ ಊರಿನಲ್ಲಿ. ಅದಕ್ಕೆ ಮುಂದೆ ನಿಂತವರು ಈ ಊರಿನ ಮುಸ್ಲಿಂ ಮುಖಂಡ ಜೆ. ಮಹಮದ್ ಇಮಾಂ ಸಾಹೇಬರು. ತತ್ವಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ನಿತ್ಯದ ಕಟ್ಟಳೆಗಳಲ್ಲಿ. ವಚನವನ್ನು ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತರುತ್ತೇವೆ. ಸಂಬಂಧ ವಿಚಾರಿಸಲು ಬಂದವರಿಗೆ ಎಷ್ಟು ಹೇಳಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ರಾದಿನ್‌ನ ಕಗಾನ್ ಕಲಿಸಿದ್ದು ಅದನ್ನೇ.

ಖಂಡನೆಗೆ, ಕಟುವಾದ ಟೀಕೆಗೆ ಈ ಶಾಸ್ತ್ರ ಕಡಿವಾಣವಾಗುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಅದು ಸಾಹಿತ್ಯದ ಮೇಲಿನ ತೀರ್ಪು, ಒಪ್ಪಬಹುದು, ಬಿಡಬಹುದು. ಆದರೆ ಅದಕ್ಕೆ ಪ್ರತಿಯಾಗಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ಸ್ಥಾನ ಬಿಡಬೇಕಾಯಿತು. ಆ ಕಾವಿನಿಂದಲೇ ರೂಪುಗೊಂಡ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದವರು. ವಿಚಾರವನ್ನು ಹೊಡೆಯುವ ಮಾತು ಬೇರೆ, ಮನುಷ್ಯನನ್ನು ಹೊಡೆಯುವ ಮಾತು ಬೇರೆ. ಯಹೂದಿ ಶಾಸ್ತ್ರ ಕಾಯುವುದು ಮನುಷ್ಯನನ್ನು. ತಾಲ್ಮುಡ್ ಎಂಬುದೇ ಸಾವಿರಾರು ಪುಟಗಳ ಜಗಳ. ಅದರಲ್ಲಿ ಹಿಲ್ಲೆಲ್ ಪಂಥದ ಅಭಿಪ್ರಾಯವೇ ನಿಂತದ್ದು ಯಾಕೆಂದರೆ, ಅವರು ಎದುರಾಳಿ ಶಮ್ಮಾಯ್ ಪಂಥದ ಮಾತನ್ನು ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರು ಎಂದು ಅದೇ ವಿವರಿಸುತ್ತದೆ.

ಈ ಎಲ್ಲ ಮಾತಿಗೆ ನಮ್ಮ ಕಾಲದ ನಿಜವಾದ ಪರೀಕ್ಷೆ ಸಾಲದ ಕಂತು. 2025ರ ಮೊದಲ ವಾರಗಳಲ್ಲಿ ರಾಜ್ಯದ ಪತ್ರಿಕೆಗಳನ್ನು ತೆರೆದವರಿಗೆ ನೆನಪಿರುತ್ತದೆ: ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಊರು ಬಿಟ್ಟ ಕುಟುಂಬಗಳು, ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಾಲದ ಬರಹ, ಬಾಗಿಲ ಮುಂದೆ ಕೂತು ಕೂಗಾಟ, ಆತ್ಮಹತ್ಯೆಗಳು. ಸತ್ತವರನ್ನು ಸಾಲದ ಮೊತ್ತವೊಂದೇ ಕೊಂದಿತೆಂದು ನಾನು ನಂಬುವುದಿಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿರುವಾಗ ಹೆಸರು ಹಿಡಿದು ಕೂಗಿದ್ದು ಕೊಂದಿತು. ಅವಮಾನವನ್ನು ರಕ್ತಪಾತ ಎಂದ ತಾಲ್ಮುಡ್ ಅತಿಶಯ ಮಾಡಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸಾಲಗಾರನ ಮನೆಯೊಳಗೆ ಒತ್ತೆಗಾಗಿ ನುಗ್ಗಬೇಡ, ಹೊರಗೆ ನಿಲ್ಲು, ಅವನೇ ತಂದುಕೊಡಲಿ ಎನ್ನುತ್ತದೆ ತೋರಾ. ಬಡವ ಹೊದೆಯುವ ಬಟ್ಟೆಯನ್ನು ಒತ್ತೆ ಇಟ್ಟಿದ್ದರೆ ಸಂಜೆಯೊಳಗೆ ಅವನಿಗೆ ಮರಳಿಸಬೇಕು. ತಾಲ್ಮುಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ತೀರಿಸಲು ಅವನ ಬಳಿ ಇಲ್ಲವೆಂದು ಗೊತ್ತಿದ್ದರೆ, ಸಾಲ ಕೊಟ್ಟವನು ಅವನ ಕಣ್ಣೆದುರು ಹಾದು ಹೋಗಲೂ ಬಾರದು. ಬಾಯಿ ತೆರೆಯದೆ ಸುಮ್ಮನೆ ಎದುರಿಗೆ ನಡೆದುಹೋದರೂ ಅವನು ಕುಗ್ಗುತ್ತಾನೆ. ಸಾವಿನ ಮನೆಗೆ ಸಿರಿವಂತರು ಬೆಳ್ಳಿ ಬುಟ್ಟಿಯಲ್ಲಿ, ಬಡವರು ಬೆತ್ತದಂಥ ಕಡ್ಡಿಯ ಬುಟ್ಟಿಯಲ್ಲಿ ಊಟ ತರುತ್ತಿದ್ದಾಗ ಬಡವರಿಗೆ ನಾಚಿಕೆಯಾಗುತ್ತದೆಂದು ಎಲ್ಲರಿಗೂ ಕಡ್ಡಿಯ ಬುಟ್ಟಿಯನ್ನೇ ಕಡ್ಡಾಯ ಮಾಡಿದವರು ಇದೇ ಪಂಡಿತರು. ಬೆಳ್ಳಿ ಬುಟ್ಟಿಯವರ ಸ್ವಾತಂತ್ರ್ಯಕ್ಕಿಂತ ಬಡವನ ಮುಖ ಅವರಿಗೆ ದೊಡ್ಡದಾಗಿ ಕಂಡಿತು.

ಮಳೆ ಕೈಕೊಡುವ, ಈರುಳ್ಳಿಯ ಬೆಲೆ ಬಿದ್ದುಹೋಗುವ ಜಗಳೂರಿನಲ್ಲಿ ಕಂತು ತಪ್ಪುವುದು ಎಲ್ಲರ ಮನೆಯ ಮಾತು. ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ವಸೂಲಿಯವನು ಬರುವ ಮೊದಲೇ ಓಣಿಯ ಹೆಂಗಸರೇ ಅವಳ ಬಾಗಿಲಿಗೆ ನಿಲ್ಲುತ್ತಾರೆ. ಅವರ ಸಂಕಟವೂ ಸುಳ್ಳಲ್ಲ. ಸಾಲ ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವ ರೀತಿಯನ್ನು ಬದಲಿಸುವುದು ನಮ್ಮ ಕೈಯಲ್ಲೇ ಇದೆ. 2025ರ ಫೆಬ್ರುವರಿಯಲ್ಲಿ ಬಂದ ರಾಜ್ಯದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದು ಫೈನಾನ್ಸಿನವರಿಗೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಸಂಘಗಳ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿ: ಕಂತು ಬಾಕಿ ಇರುವವರ ಹೆಸರನ್ನು ಸಭೆಯಲ್ಲಿ ಕೂಗುವುದಿಲ್ಲ, ಅಧ್ಯಕ್ಷೆ ಅವರ ಮನೆಗೆ ಒಬ್ಬರೇ ಹೋಗಿ ಕೇಳುತ್ತಾರೆ.